ಎನ್‌ಎಫ್‌ಎಸ್‌ನಲ್ಲಿ ಫೈಲ್ ಬರೆಯುವಾಗ ಟೈಮ್‌ಔಟ್: ಉತ್ತರ ಕೊಡದೆ ಕೂತಿರುವುದು ಯಾರು?

ಎನ್‌ಎಫ್‌ಎಸ್ ಎಂದರೆ ಬೇರೆ ಮಷೀನ್‌ನಲ್ಲಿರುವ ಫೈಲುಗಳನ್ನು ನೆಟ್‌ವರ್ಕ್ ಮೂಲಕ ನಮ್ಮದೇ ಫೋಲ್ಡರ್‌ನಂತೆ ಬಳಸುವ ವ್ಯವಸ್ಥೆ. ಅಂಥ ಫೋಲ್ಡರ್ ತೆರೆಯುತ್ತದೆ. ಫೈಲುಗಳ ಪಟ್ಟಿ ಬರುತ್ತದೆ. ನಿನ್ನೆಯ ಫೈಲನ್ನು ಓದಲೂ ಆಗುತ್ತದೆ. ಆದರೆ ಹೊಸದಾಗಿ ಏನಾದರೂ ಬರೆಯಲು ಹೋದರೆ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ಕಂಟ್ರೋಲ್-ಸಿ ಒತ್ತಿದರೂ ಜಗ್ಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕರ್ನಲ್ ಲಾಗ್‌ನಲ್ಲಿ ಒಂದು ಸಾಲು ಕಾಣಿಸುತ್ತದೆ: ಸರ್ವರ್ ‘ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’.

ಈ ಸಾಲು ಕಂಡ ಕೂಡಲೇ ಬಹಳ ಜನ ಮೌಂಟ್ (ಸರ್ವರ್‌ನ ಫೋಲ್ಡರನ್ನು ನಮ್ಮ ಮಷೀನ್‌ಗೆ ಜೋಡಿಸುವುದು) ಆಯ್ಕೆಗಳಿಗೆ ಕೈ ಹಾಕುತ್ತಾರೆ. ಟೈಮ್‌ಔಟ್ ಜಾಸ್ತಿ ಮಾಡುತ್ತಾರೆ, ಇಲ್ಲವೇ ಕಡಿಮೆ ಮಾಡುತ್ತಾರೆ, ಯಾವುದೂ ಆಗದಿದ್ದರೆ ‘ಸಾಫ್ಟ್’ ಹಾಕಿ ರೀಬೂಟ್ ಮಾಡುತ್ತಾರೆ. ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ. ರೀಬೂಟ್ ಆದ ಮೇಲೆ ಎಲ್ಲ ಸರಿಹೋದಂತೆ ಕಾಣುತ್ತಿತ್ತು. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಟೈಮ್‌ಔಟ್ ಎಂದರೆ ಯಾರೋ ಒಬ್ಬರು ಉತ್ತರ ಕೊಟ್ಟಿಲ್ಲ ಎಂದಷ್ಟೇ ಅರ್ಥ. ಯಾರು ಎನ್ನುವುದನ್ನು ಅದು ಹೇಳುವುದಿಲ್ಲ, ನಾವೇ ಹುಡುಕಬೇಕು. ಹೇಗೆ ಹುಡುಕುವುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಕ್ಲೈಂಟ್ (ಫೈಲ್ ಬಳಸುವ ಮಷೀನ್) ಮತ್ತು ಸರ್ವರ್ (ಫೈಲ್ ಇಟ್ಟುಕೊಂಡಿರುವ ಮಷೀನ್) ಎರಡೂ ಲಿನಕ್ಸ್, ಸಂಪರ್ಕ ಟಿಸಿಪಿ ಮೇಲೆ ಎಂದು ಇಟ್ಟುಕೊಂಡಿದ್ದೇನೆ.

ಬರೆದದ್ದು ಎಲ್ಲಿಗೆ ಹೋಗುತ್ತದೆ

ಪ್ರೋಗ್ರಾಂ ‘ರೈಟ್’ ಎಂದ ಕೂಡಲೇ ಡೇಟಾ ಸರ್ವರ್‌ಗೆ ಹೋಗುವುದಿಲ್ಲ. ಮೊದಲು ಕ್ಲೈಂಟ್‌ನ ಮೆಮೊರಿಯಲ್ಲಿ ಕೂರುತ್ತದೆ. ಕರ್ನಲ್ ತನಗೆ ಬೇಕಾದಾಗ ಅದನ್ನು ಕಟ್ಟುಕಟ್ಟಾಗಿ ಕಳಿಸುತ್ತದೆ. ಆ ಕಟ್ಟು ಆರ್‌ಪಿಸಿ (ಇನ್ನೊಂದು ಮಷೀನ್‌ಗೆ ಕೆಲಸ ಹೇಳುವ ಕೋರಿಕೆ) ಸಾಲಿನಲ್ಲಿ ನಿಂತು, ಟಿಸಿಪಿ ಸಾಕೆಟ್‌ಗೆ ಇಳಿದು, ಕೇಬಲ್ ಮತ್ತು ಸ್ವಿಚ್ ದಾಟಿ, ಸರ್ವರ್‌ನ ಸಾಕೆಟ್ ಸೇರುತ್ತದೆ. ಅಲ್ಲಿ ಒಂದು ಎನ್‌ಎಫ್‌ಎಸ್‌ಡಿ (ಸರ್ವರ್‌ನ ಎನ್‌ಎಫ್‌ಎಸ್ ಸೇವೆ) ಥ್ರೆಡ್ ಅದನ್ನು ಎತ್ತಿಕೊಂಡು ಫೈಲ್ ಸಿಸ್ಟಂಗೆ ಕೊಡುತ್ತದೆ. ಕೊನೆಗೆ ಡಿಸ್ಕ್. ಉತ್ತರ ಇದೇ ದಾರಿಯಲ್ಲಿ ವಾಪಸ್ ಬರಬೇಕು.

1995ರಲ್ಲಿ ಬಂದ ಎನ್‌ಎಫ್‌ಎಸ್‌ನ ಮೂರನೇ ಆವೃತ್ತಿಯಿಂದ ಇಲ್ಲಿ ಇನ್ನೊಂದು ಹೆಜ್ಜೆ ಸೇರಿದೆ. ಕ್ಲೈಂಟ್ ಡೇಟಾವನ್ನು ಮೊದಲು ‘ಸದ್ಯಕ್ಕೆ ಇಟ್ಟುಕೋ’ ಎಂಬಂತೆ ಕಳಿಸುತ್ತದೆ. ಆಮೇಲೆ ‘ಕಮಿಟ್’ ಎಂಬ ಬೇರೆ ಕೋರಿಕೆ ಕಳಿಸಿ, ಎಲ್ಲವನ್ನೂ ಡಿಸ್ಕ್‌ಗೆ ಇಳಿಸು ಎನ್ನುತ್ತದೆ. ದೊಡ್ಡ ಫೈಲ್ ಕಾಪಿ ಮಾಡುವಾಗ 100 ಪರ್ಸೆಂಟ್ ತೋರಿಸಿ ಅಲ್ಲೇ ನಿಂತುಕೊಳ್ಳುತ್ತದಲ್ವಾ? ಹೆಚ್ಚಾಗಿ ಅದು ಈ ಕಮಿಟ್‌ಗೆ ಕಾಯುತ್ತಿರುತ್ತದೆ. ಕಾಪಿ ಆಗಿದ್ದು ನಮ್ಮದೇ ಮೆಮೊರಿಗೆ. ಸರ್ವರ್‌ನ ಡಿಸ್ಕ್‌ಗೆ ಇನ್ನೂ ಆಗಿಲ್ಲ.

ಹಾಗಾಗಿ ದೋಷದ ಸುದ್ದಿ ತಡವಾಗಿ ಬರುತ್ತದೆ. ‘ರೈಟ್’ ಯಶಸ್ವಿ ಎಂದಿರುತ್ತದೆ, ತಪ್ಪು ಕಾಣಿಸುವುದು ‘ಎಫ್‌ಸಿಂಕ್’ (ಡೇಟಾ ಡಿಸ್ಕ್‌ಗೆ ಇಳಿಯುವವರೆಗೆ ಕಾಯುವ ಕರೆ) ಅಥವಾ ‘ಕ್ಲೋಸ್’ ಮಾಡುವಾಗ. ಕ್ಲೋಸ್ ಏನು ಹೇಳಿತು ಎಂದು ನೋಡದ ಪ್ರೋಗ್ರಾಂಗೆ ಡೇಟಾ ಹೋಗಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ನಿಮ್ಮ ಕೋಡ್ ಎನ್‌ಎಫ್‌ಎಸ್ ಮೇಲೆ ಬರೆಯುತ್ತಿದ್ದರೆ ದಯವಿಟ್ಟು ಇವತ್ತೇ ಆ ಸಾಲನ್ನು ತೆರೆದು ನೋಡಿ.

600 ಎಂದರೆ 60

ಮೌಂಟ್ ಆಯ್ಕೆಗಳಲ್ಲಿ ‘ಟೈಮಿಯೋ’ ಎಂದು ಒಂದಿದೆ. ಅದರ ಲೆಕ್ಕ ಸೆಕೆಂಡಿನಲ್ಲಿ ಇಲ್ಲ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಇದೆ. ಟಿಸಿಪಿಗೆ ಮೊದಲಿನಿಂದ ಇರುವ ಬೆಲೆ 600, ಅಂದರೆ 60 ಸೆಕೆಂಡ್. ಯಾರೋ 30 ಸೆಕೆಂಡ್ ಸಾಕು ಎಂದುಕೊಂಡು 30 ಎಂದು ಬರೆದಿರುತ್ತಾರೆ. ಅದು 3 ಸೆಕೆಂಡ್ ಆಗುತ್ತದೆ. ಬ್ಯಾಕಪ್ ಓಡುವಾಗ ಯಾವ ಸರ್ವರ್ ಆದರೂ ಸ್ವಲ್ಪ ಹೊತ್ತು ಸುಮ್ಮನಾಗಬಹುದು. ಆಗ ಇಲ್ಲದ ದೋಷ ಲಾಗ್‌ನಲ್ಲಿ ಕಾಣಿಸತೊಡಗುತ್ತದೆ. ಹೀಗಾಗಿ ನಾನು ಬೇರೆಯವರ ಮಷೀನ್ ಮುಂದೆ ಕೂತಾಗ ಮೊದಲು ನೋಡುವುದು ಈ ಅಂಕಿಯನ್ನೇ.

‘ರೀಟ್ರಾನ್ಸ್’ ಎಷ್ಟು ಸಲ ಮತ್ತೆ ಕೇಳಬೇಕು ಎಂದು ಹೇಳುತ್ತದೆ. ಟಿಸಿಪಿಗೆ ಅದು 2. ಪ್ರತಿ ಸಲವೂ ಕಾಯುವ ಹೊತ್ತು ಬೆಳೆಯುತ್ತದೆ. ಅಷ್ಟು ಆದ ಮೇಲೆಯೇ ‘ನಾಟ್ ರೆಸ್ಪಾಂಡಿಂಗ್’ ಸಾಲು ಬರುವುದು. ಅಂದರೆ ಲಾಗ್‌ನಲ್ಲಿ 10:15 ಎಂದಿದ್ದರೆ ತೊಂದರೆ ಶುರುವಾಗಿ ಆಗಲೇ ಕೆಲವು ನಿಮಿಷ ಆಗಿರುತ್ತದೆ. ಸರ್ವರ್ ಮತ್ತು ಸ್ವಿಚ್‌ನ ಲಾಗ್ ನೋಡುವಾಗ 10:15ರ ಸುತ್ತ ಹುಡುಕಿ ಏನೂ ಇಲ್ಲ ಎಂದು ಬಿಡಬೇಡಿ. ಹಿಂದಕ್ಕೆ ಹೋಗಿ. ಎರಡೂ ಮಷೀನಿನ ಗಡಿಯಾರ ಒಂದೇ ಇದೆಯಾ ಎಂದೂ ನೋಡಿ.

ಆ ಸಾಲಿನ ಕೊನೆಯ ಎರಡು ಪದಗಳು ಮುಖ್ಯ. ‘ಸ್ಟಿಲ್ ಟ್ರೈಯಿಂಗ್’ ಎಂದಿದ್ದರೆ ಮೌಂಟ್ ‘ಹಾರ್ಡ್’. ಕ್ಲೈಂಟ್ ಬಿಡದೆ ಕೇಳುತ್ತಲೇ ಇದೆ, ಸರ್ವರ್ ಎದ್ದ ಕೂಡಲೇ ಕೆಲಸ ಮುಂದುವರಿಯುತ್ತದೆ, ಡೇಟಾ ಇನ್ನೂ ಕೈಯಲ್ಲಿದೆ. ‘ಟೈಮ್ಡ್ ಔಟ್’ ಎಂದಿದ್ದರೆ ಮೌಂಟ್ ‘ಸಾಫ್ಟ್’. ಕ್ಲೈಂಟ್ ಕೈಬಿಟ್ಟು ಪ್ರೋಗ್ರಾಂಗೆ ಐಒ ದೋಷ ಕೊಟ್ಟಿದೆ. ಆ ಹೊತ್ತಿನಲ್ಲಿ ಬರೆದ ಫೈಲುಗಳಲ್ಲಿ ಅರ್ಧ ಮಾತ್ರ ಉಳಿದಿರಬಹುದು. ಅವನ್ನು ಒಂದೊಂದಾಗಿ ತೆರೆದು ನೋಡಲೇಬೇಕು.

ರೀಬೂಟ್ ಮಾಡುವ ಮುಂಚೆ

ಎಲ್ಲ ಸಾಕ್ಷಿ ಇರುವುದು ಸಿಕ್ಕಿಕೊಂಡಿರುವ ಆ ಕ್ಷಣದಲ್ಲಿ. ಹತ್ತು ನಿಮಿಷ ತಡೆದುಕೊಳ್ಳಿ.

ಮೌಂಟ್ ನೋಡಲು ‘ಡಿಎಫ್’ ಹೊಡೆಯಬೇಡಿ, ಅದೂ ಸಿಕ್ಕಿಕೊಳ್ಳುತ್ತದೆ. ‘ಪ್ರಾಕ್’ (ಕರ್ನಲ್ ತನ್ನ ಮಾಹಿತಿ ತೋರಿಸುವ ಫೋಲ್ಡರ್) ಅಡಿಯಲ್ಲಿರುವ ‘ಮೌಂಟ್ಸ್’ ಫೈಲ್ ಓದಿ. ಅದು ಸರ್ವರನ್ನು ಕೇಳುವುದೇ ಇಲ್ಲ. ಆಯ್ಕೆಗಳು, ಆವೃತ್ತಿ, ಸರ್ವರ್ ವಿಳಾಸ ಎಲ್ಲ ಅಲ್ಲೇ ಸಿಗುತ್ತದೆ.

ಆಮೇಲೆ ‘ಪಿಎಸ್’ನಲ್ಲಿ ‘ಡಿ’ ಸ್ಥಿತಿಯಲ್ಲಿರುವ (ಡಿಸ್ಕ್ ಅಥವಾ ನೆಟ್‌ವರ್ಕ್ ಉತ್ತರಕ್ಕೆ ಕಾಯುತ್ತಾ ಸಿಕ್ಕಿಕೊಂಡಿರುವ) ಪ್ರೋಸೆಸ್‌ಗಳನ್ನು ಹುಡುಕಿ. ಪ್ರತಿಯೊಂದಕ್ಕೂ ‘ಪ್ರಾಕ್’ ಅಡಿಯಲ್ಲಿ ‘ಸ್ಟ್ಯಾಕ್’ ಎಂಬ ಫೈಲ್ ಇರುತ್ತದೆ. ರೂಟ್ ಆಗಿ ತೆರೆದರೆ ಕರ್ನಲ್ ಒಳಗೆ ಅದು ಎಲ್ಲಿ ನಿಂತಿದೆ ಎಂದು ಕಾಣುತ್ತದೆ. ಮೇಲಿನ ಸಾಲು ‘ಆರ್‌ಪಿಸಿ ವೇಟ್’ ಎಂದು ಶುರುವಾದರೆ ಸರ್ವರ್‌ನ ಉತ್ತರಕ್ಕೆ ಕಾಯುತ್ತಿದೆ. ‘ಬ್ಯಾಲೆನ್ಸ್ ಡರ್ಟಿ ಪೇಜಸ್’ ಎಂದಿದ್ದರೆ ಕ್ಲೈಂಟ್ ಮೆಮೊರಿಯಲ್ಲಿ ಬರೆಯದೆ ಉಳಿದ ಡೇಟಾ ತುಂಬಿಹೋಗಿದೆ, ಅದಕ್ಕೆ ಕರ್ನಲ್ ಈ ಪ್ರೋಸೆಸ್ಸನ್ನು ತಡೆದು ನಿಲ್ಲಿಸಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಪ್ರೋಸೆಸ್ ಕೊಲ್ಲಲೇಬೇಕು ಎಂದಾದರೆ ಕಿಲ್ 9 ಕೆಲಸ ಮಾಡುತ್ತದೆ. ಕರ್ನಲ್ 2.6.25ರಿಂದ ಆರ್‌ಪಿಸಿಗೆ ಕಾಯುವುದನ್ನು ಮುರಿಯುವುದು ಅದೊಂದೇ. ಹಳೆಯ ಬರಹಗಳಲ್ಲಿ ಹೇಳುವ ‘ಇಂಟರ್’ ಆಯ್ಕೆಯನ್ನು ಕರ್ನಲ್ ಈಗ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದನ್ನು ಹಾಕಿಕೊಂಡು ಸುಮ್ನೆ ಧೈರ್ಯವಾಗಿ ಇರಬೇಡಿ.

ಬೇರೆ ಕ್ಲೈಂಟ್‌ಗಳಿಂದ ಅದೇ ಸರ್ವರ್‌ಗೆ ಬರೆಯಲು ಆಗುತ್ತಿದೆಯೇ? ಈ ಪ್ರಶ್ನೆಗೆ ಖರ್ಚಿಲ್ಲ, ಉತ್ತರ ಮಾತ್ರ ಅರ್ಧ ದಾರಿ ಕಡಿಮೆ ಮಾಡುತ್ತದೆ. ಎಲ್ಲರೂ ನಿಂತಿದ್ದರೆ ಸರ್ವರ್ ಕಡೆ ಹೋಗಿ. ಒಬ್ಬರೇ ನಿಂತಿದ್ದರೆ ಆ ಮಷೀನ್ ಮತ್ತು ಅದರ ಕೇಬಲ್ ಕಡೆ.

ಎರಡು ಸಾಲುಗಳ ಉದ್ದ

ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಹೇಳುವ ಪರೀಕ್ಷೆ ಇದು. ಸಂಪರ್ಕಗಳ ಪಟ್ಟಿ ತೋರಿಸುವ ‘ಎಸ್‌ಎಸ್’ ಕಮಾಂಡ್‌ಗೆ ಟಿ, ಎನ್, ಐ ಆಯ್ಕೆಗಳನ್ನು ಕೊಟ್ಟು ಕ್ಲೈಂಟ್‌ನಲ್ಲೂ ಸರ್ವರ್‌ನಲ್ಲೂ ಓಡಿಸಿ. ಎನ್‌ಎಫ್‌ಎಸ್‌ನ ಪೋರ್ಟ್ 2049 ಇರುವ ಸಂಪರ್ಕವನ್ನು ಹುಡುಕಿ. ಅಲ್ಲಿ ಎರಡು ಅಂಕಿ ಇರುತ್ತವೆ: ಸೆಂಡ್-ಕ್ಯೂ (ಕಳಿಸಲು ಕಾದಿರುವ ಡೇಟಾ), ರಿಸೀವ್-ಕ್ಯೂ (ಬಂದು ಎತ್ತಿಕೊಳ್ಳಲು ಕಾದಿರುವ ಡೇಟಾ). ಒಂದು ಸಲ ನೋಡಿ ಬಿಡಬೇಡಿ. ಸೆಕೆಂಡಿಗೊಮ್ಮೆಯಂತೆ ಹತ್ತು ಸಲ ನೋಡಿ.

ಕ್ಲೈಂಟ್‌ನ ಸೆಂಡ್-ಕ್ಯೂ ತುಂಬಿ ಅಲುಗಾಡದೆ ನಿಂತಿದೆ, ಸರ್ವರ್‌ನ ರಿಸೀವ್-ಕ್ಯೂ ಸೊನ್ನೆ. ಕಳಿಸಿದ್ದು ತಲುಪಿಯೇ ಇಲ್ಲ. ತಪ್ಪು ನಡುವಿನ ದಾರಿಯಲ್ಲಿದೆ. ಅದೇ ಸಾಲಿನಲ್ಲಿ ‘ರೀಟ್ರಾನ್ಸ್’ ಅಂಕಿ (ಇದು ಮೌಂಟ್ ಆಯ್ಕೆಯಲ್ಲ, ಟಿಸಿಪಿ ಮತ್ತೆ ಕಳಿಸಿದ್ದರ ಲೆಕ್ಕ) ಏರುತ್ತಿರುವುದೂ ಕಾಣುತ್ತದೆ.

ಸರ್ವರ್‌ನ ರಿಸೀವ್-ಕ್ಯೂ ತುಂಬಿ ನಿಂತಿದೆ. ಡೇಟಾ ಬಾಗಿಲಿನವರೆಗೆ ಬಂದಿದೆ, ಒಳಗೆ ಎತ್ತಿಕೊಳ್ಳುವವರಿಲ್ಲ. ಎನ್‌ಎಫ್‌ಎಸ್‌ಡಿ ಥ್ರೆಡ್‌ಗಳೆಲ್ಲ ಬೇರೆಡೆ ಸಿಕ್ಕಿಕೊಂಡಿವೆ.

ಎರಡೂ ಕಡೆ ಎರಡೂ ಕ್ಯೂ ಸೊನ್ನೆ, ಆದರೂ ಪ್ರೋಸೆಸ್ ಕಾಯುತ್ತಿದೆ. ಸರ್ವರ್ ಕೋರಿಕೆಯನ್ನು ಎತ್ತಿಕೊಂಡಾಗಿದೆ, ಉತ್ತರ ಮಾತ್ರ ಬಂದಿಲ್ಲ. ಹೆಚ್ಚಾಗಿ ಡಿಸ್ಕ್. ಸರ್ವರ್ ಕಡೆ ಆ ಸಂಪರ್ಕವೇ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಬೇರೆ ಕಥೆ, ಮುಂದೆ ಬರುತ್ತದೆ.

ಇದಕ್ಕೆ ಜೊತೆ ಕೊಡುವುದು ‘ಎನ್‌ಎಫ್‌ಎಸ್ ಐಒಸ್ಟ್ಯಾಟ್’ ಎಂಬ ಕಮಾಂಡ್. ಅದರ ರೈಟ್ ಭಾಗದಲ್ಲಿ ಸರಾಸರಿ ‘ಆರ್‌ಟಿಟಿ’ ಮತ್ತು ಸರಾಸರಿ ‘ಎಕ್ಸಿ’ ಎಂದು ಎರಡು ಮಿಲಿಸೆಕೆಂಡ್ ಲೆಕ್ಕ ಇರುತ್ತದೆ. ಆರ್‌ಟಿಟಿ ಎಂದರೆ ಕೋರಿಕೆ ಹೊರಟು ಉತ್ತರ ಬರುವವರೆಗಿನ ಹೊತ್ತು. ಎಕ್ಸಿಯಲ್ಲಿ ಕ್ಲೈಂಟ್ ಒಳಗೇ ಸಾಲಿನಲ್ಲಿ ಕಾದದ್ದೂ ಸೇರುತ್ತದೆ. ಆರ್‌ಟಿಟಿ 4, ಎಕ್ಸಿ 900 ಎಂದಿದ್ದರೆ ಸರ್ವರನ್ನು ಬೈಯಬೇಡಿ. ಅದು ಚುರುಕಾಗಿಯೇ ಉತ್ತರ ಕೊಡುತ್ತಿದೆ, ನಿಮ್ಮ ಮಷೀನ್‌ನಲ್ಲೇ ಕೋರಿಕೆಗಳು ರಾಶಿ ಬಿದ್ದಿವೆ. ಎರಡೂ 900ರ ಹತ್ತಿರ ಇದ್ದರೆ ಆಗ ದಾರಿ ಅಥವಾ ಸರ್ವರ್. ಮೊದಲ ವರದಿಯನ್ನು ಮಾತ್ರ ನಂಬಬೇಡಿ. ಅದು ಮೌಂಟ್ ಆದಾಗಿನಿಂದ ಇವತ್ತಿನವರೆಗಿನ ಸರಾಸರಿ, ಅದರಲ್ಲಿ ಈಗಿನ ಸಂಕಟ ಮುಚ್ಚಿಹೋಗುತ್ತದೆ.

ದಾರಿಯಲ್ಲಿ: ಚಿಕ್ಕದು ದಾಟುತ್ತದೆ, ದೊಡ್ಡದು ದಾಟುವುದಿಲ್ಲ

ನನ್ನ ಎರಡು ದಿನ ತಿಂದ ದೋಷ ಇದು. ಪಿಂಗ್ ಚೆನ್ನಾಗಿತ್ತು. ಪೋರ್ಟ್ 2049 ತೆರೆದಿತ್ತು. ಫೋಲ್ಡರ್ ಪಟ್ಟಿ ಬರುತ್ತಿತ್ತು. ಖಾಲಿ ಫೈಲ್ ಮಾಡಿದರೆ ಆಗುತ್ತಿತ್ತು. ಅದರೊಳಗೆ ಒಂದು ಸಾಲು ಬರೆದರೂ ಆಗುತ್ತಿತ್ತು. ಒಂದು ಫೋಟೋ ಕಾಪಿ ಮಾಡಿದರೆ ಮುಗಿಯಿತು, ನಿಂತಿತು.

ಎರಡು ಮಷೀನ್‌ಗಳಲ್ಲೂ ಎಂಟಿಯು (ಒಂದು ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್‌ನ ಅತಿ ದೊಡ್ಡ ಅಳತೆ, ಬೈಟ್‌ನಲ್ಲಿ) 9000 ಇತ್ತು. ನಡುವೆ ಹೊಸದಾಗಿ ಹಾಕಿದ ಸ್ವಿಚ್ 1500 ಮಾತ್ರ ದಾಟಿಸುತ್ತಿತ್ತು. ದೊಡ್ಡ ಫ್ರೇಮ್ ಬಂದರೆ ಅದು ಸದ್ದಿಲ್ಲದೆ ಎಸೆಯುತ್ತಿತ್ತು. ಕ್ಲೈಂಟ್ ಮತ್ತೆ ಮತ್ತೆ ಅದನ್ನೇ ಕಳಿಸುತ್ತಿತ್ತು, ಸ್ವಿಚ್ ಮತ್ತೆ ಮತ್ತೆ ಎಸೆಯುತ್ತಿತ್ತು.

ಇದನ್ನು ಹಿಡಿಯುವ ಪರೀಕ್ಷೆ ಅರ್ಧ ನಿಮಿಷದ್ದು. ಪಿಂಗ್‌ಗೆ ದೊಡ್ಡಕ್ಷರದ ಎಂ ಆಯ್ಕೆಯಲ್ಲಿ ‘ಡು’ ಎಂದು ಕೊಡಿ. ಪ್ಯಾಕೆಟ್ ತುಂಡು ಮಾಡಬೇಡ ಎಂದು ಅದರ ಅರ್ಥ. ಚಿಕ್ಕಕ್ಷರದ ಎಸ್ ಆಯ್ಕೆಯಲ್ಲಿ 8972 ಕೊಡಿ. 9000ದಲ್ಲಿ ಐಪಿಯ 20 ಮತ್ತು ಐಸಿಎಂಪಿಯ (ಪಿಂಗ್ ಬಳಸುವ ಸಂದೇಶದ ಬಗೆ) 8 ಬೈಟ್ ಕಳೆದರೆ ಉಳಿಯುವುದು ಅಷ್ಟು. ಎಂಟಿಯು 1500 ಆದರೆ 1472. ಉತ್ತರ ಬಾರದಿದ್ದರೆ ಅಂಕಿ ಇಳಿಸುತ್ತಾ ಹೋಗಿ. ಎಲ್ಲಿ ಉತ್ತರ ಬರುತ್ತದೋ ಅದೇ ದಾರಿಯ ನಿಜವಾದ ಅಗಲ. ವಿಪಿಎನ್ ಅಥವಾ ಟನಲ್ ನಡುವೆ ಇದ್ದರೆ 1472 ಕೂಡ ದಾಟದೆ ಇರಬಹುದು. ಅಲ್ಲಿ ಯಾರಾದರೂ ಫೈರ್‌ವಾಲ್‌ನಲ್ಲಿ ಐಸಿಎಂಪಿಯನ್ನೆಲ್ಲ ತಡೆದಿದ್ದರೆ ‘ಪ್ಯಾಕೆಟ್ ದೊಡ್ಡದಾಯಿತು’ ಎಂಬ ಸುದ್ದಿಯೂ ನಿಮಗೆ ತಲುಪುವುದಿಲ್ಲ.

ಆ ಎರಡು ದಿನ ನನ್ನನ್ನು ದಾರಿ ತಪ್ಪಿಸಿದ್ದು ಇನ್ನೊಂದು. ಓದುವುದು ಸರಿಯಾಗಿದೆ, ಬರೆಯುವುದು ಮಾತ್ರ ಕೆಟ್ಟಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ನಿಜವಾಗಿ ನಾನು ಓದುತ್ತಿದ್ದ ಫೈಲ್ ಕ್ಲೈಂಟ್‌ನ ಮೆಮೊರಿಯಲ್ಲೇ ಇತ್ತು. ಕ್ಲೈಂಟ್ ಸರ್ವರನ್ನು ‘ಫೈಲ್ ಬದಲಾಗಿದೆಯಾ’ ಎಂದಷ್ಟೇ ಕೇಳುತ್ತಿತ್ತು. ಅದು ಚಿಕ್ಕ ಪ್ಯಾಕೆಟ್, ದಾಟುತ್ತಿತ್ತು. ಹಿಂದೆಂದೂ ಓದದ ದೊಡ್ಡ ಫೈಲ್ ತೆರೆದ ಕೂಡಲೇ ಓದುವುದೂ ನಿಂತಿತು. ಅಲ್ಲಿಂದ ಮುಂದೆ ಕಾಲು ಗಂಟೆಯ ಕೆಲಸ. ಬರೆಯುವುದಕ್ಕೆ ಮಾತ್ರ ತೊಂದರೆ ಎಂದು ತೀರ್ಮಾನ ಮಾಡುವ ಮೊದಲು ಹೊಸ ಫೈಲ್ ಒಂದನ್ನು ಓದಿ ನೋಡಿ.

ಎಂಟಿಯು ಸರಿಯಿದ್ದೂ ರೀಟ್ರಾನ್ಸ್ ಏರುತ್ತಿದ್ದರೆ ‘ಈಥ್‌ಟೂಲ್’ನಲ್ಲಿ ಕಾರ್ಡಿನ ದೋಷದ ಅಂಕಿಗಳನ್ನು ನೋಡಿ. ಸಿಆರ್‌ಸಿ ದೋಷ (ದಾರಿಯಲ್ಲಿ ಕೆಟ್ಟುಹೋದ ಫ್ರೇಮ್‌ಗಳ ಲೆಕ್ಕ) ಏರುತ್ತಿದ್ದರೆ ಕೇಬಲ್ ಬದಲಿಸಿ, ಬೇರೆ ಯೋಚನೆ ಬೇಡ. ಲಿಂಕ್ ವೇಗ ತಾನಾಗಿ 100 ಮೆಗಾಬಿಟ್‌ಗೆ ಇಳಿದಿದ್ದರೂ ಮೊದಲ ಅನುಮಾನ ಕೇಬಲ್ ಮೇಲೆಯೇ.

ಸರ್ವರ್ ಒಳಗೆ

ಥ್ರೆಡ್‌ಗಳ ಸಂಖ್ಯೆ ‘ಪ್ರಾಕ್’ನ ‘ಎಫ್‌ಎಸ್’ ಅಡಿಯಲ್ಲಿ, ‘ಎನ್‌ಎಫ್‌ಎಸ್‌ಡಿ’ಯ ‘ಥ್ರೆಡ್ಸ್’ ಫೈಲ್‌ನಲ್ಲಿದೆ. ಬಹಳ ವರ್ಷ ಅದು ಮೊದಲಿನಿಂದ 8 ಇರುತ್ತಿತ್ತು. ಹತ್ತಾರು ಕ್ಲೈಂಟ್ ಇರುವ ಸರ್ವರ್‌ಗೆ ಅದು ಸಾಲದು, 64 ಮಾಡಿ ನೋಡಬಹುದು. ಆದರೆ ಮೊದಲು ಆ ಥ್ರೆಡ್‌ಗಳು ಏನು ಮಾಡುತ್ತಿವೆ ನೋಡಿ. ಎಂಟೂ ‘ಡಿ’ ಸ್ಥಿತಿಯಲ್ಲಿ ಡಿಸ್ಕ್‌ಗೆ ಕಾಯುತ್ತಿದ್ದರೆ, 64 ಮಾಡಿದಾಗ ಅರವತ್ತನಾಲ್ಕೂ ಡಿಸ್ಕ್‌ಗೆ ಕಾಯುತ್ತವೆ ಅಷ್ಟೇ.

ಡಿಸ್ಕ್ ನೋಡಲು ‘ಐಒಸ್ಟ್ಯಾಟ್’ಗೆ ಎಕ್ಸ್ ಆಯ್ಕೆ ಕೊಟ್ಟು ಬರೆಯುವ ಅವೇಟ್ ಕಾಲಂ ನೋಡಿ. ಒಂದು ಬರಹಕ್ಕೆ ಎಷ್ಟು ಮಿಲಿಸೆಕೆಂಡ್ ಆಗುತ್ತಿದೆ ಎಂದು ಅದು ಹೇಳುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್‌ನಲ್ಲಿ ಇದು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಏರಿತು. ಯಾರೂ ಏನೂ ಬದಲಿಸಿರಲಿಲ್ಲ. ಡಿಸ್ಕ್‌ಗಳೆಲ್ಲ ಹಸಿರು ದೀಪ ತೋರಿಸುತ್ತಿದ್ದವು. ಕೊನೆಗೆ ರೇಡ್ ಕಂಟ್ರೋಲರ್‌ನ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಕಾರ್ಡ್) ಲಾಗ್ ತೆಗೆದಾಗ ಅದರ ಬ್ಯಾಟರಿ ಸತ್ತಿರುವುದು ಗೊತ್ತಾಯಿತು. ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಾಗ ಕ್ಯಾಶ್‌ನಲ್ಲಿರುವ ಡೇಟಾ ಉಳಿಯುವುದಿಲ್ಲ. ಅದಕ್ಕೆ ಕಂಟ್ರೋಲರ್ ರೈಟ್ ಕ್ಯಾಶ್ ನಿಲ್ಲಿಸಿ ಪ್ರತಿ ಬರಹವನ್ನೂ ನೇರ ಡಿಸ್ಕ್‌ಗೆ ಇಳಿಸತೊಡಗಿತ್ತು. ಅದು ಮಾಡಿದ್ದು ಸರಿ. ಬ್ಯಾಟರಿ ಬದಲಿಸಿದ ದಿನವೇ ಟೈಮ್‌ಔಟ್ ನಿಂತಿತು. ಓದುವುದಕ್ಕೆ ಮೊದಲಿನಿಂದಲೂ ತೊಂದರೆ ಇರಲಿಲ್ಲ, ಆ ಸಲ ಬರೆಯುವುದು ಮಾತ್ರ ನಿಜವಾಗಿಯೂ ಕೆಟ್ಟಿತ್ತು. ರೇಡ್ ರೀಬಿಲ್ಡ್, ಹಳೆಯ ಸ್ನ್ಯಾಪ್‌ಶಾಟ್‌ಗಳ ರಾಶಿ, ತುಂಬುತ್ತಾ ಬಂದ ಡಿಸ್ಕ್ ಕೂಡ ಇದೇ ಲಕ್ಷಣ ತೋರಿಸುತ್ತವೆ.

ಈ ಹಂತದಲ್ಲಿ ಎಕ್ಸ್‌ಪೋರ್ಟ್‌ನಲ್ಲಿ (ಸರ್ವರ್ ಹಂಚುವ ಫೋಲ್ಡರ್‌ನ ಆಯ್ಕೆಗಳಲ್ಲಿ) ‘ಎಸಿಂಕ್’ ಹಾಕಿಬಿಡೋಣ ಎಂಬ ಸಲಹೆ ಬಂದೇ ಬರುತ್ತದೆ. ಹಾಕಿದ ಕೂಡಲೇ ವೇಗ ಏರುತ್ತದೆ, ನಿಜ. ಆಗ ಸರ್ವರ್ ಡಿಸ್ಕ್‌ಗೆ ಇಳಿಸುವ ಮೊದಲೇ ‘ಆಯಿತು’ ಎಂದು ಉತ್ತರ ಕೊಡುತ್ತದೆ. ಆ ನಡುವೆ ಸರ್ವರ್ ಬಿದ್ದರೆ ಡೇಟಾ ಹೋಗುತ್ತದೆ, ಹೋಗಿದೆ ಎಂದು ಕ್ಲೈಂಟ್‌ಗೆ ಯಾರೂ ಹೇಳುವುದಿಲ್ಲ. ಕಳೆದುಹೋದರೆ ಮತ್ತೆ ತಯಾರಿಸಬಹುದಾದ ಫೈಲುಗಳಿಗೆ ಬೇಕಾದರೆ ಹಾಕಿ. ಜನರ ಕೆಲಸ ಇರುವ ಜಾಗಕ್ಕೆ ಬೇಡ.

ತಪ್ಪು ನಮ್ಮ ಮಷೀನ್‌ನಲ್ಲೇ ಇದ್ದಾಗ

ಕ್ಲೈಂಟ್‌ನಲ್ಲಿ ಮೆಮೊರಿ ಜಾಸ್ತಿ ಇದ್ದಷ್ಟೂ ಈ ತೊಂದರೆ ದೊಡ್ಡದು. ಬರೆಯದ ಡೇಟಾ ಮೆಮೊರಿಯಲ್ಲಿ ಎಷ್ಟು ಸೇರಬಹುದು ಎನ್ನುವ ‘ಡರ್ಟಿ ರೇಶಿಯೋ’ ಮೊದಲಿನಿಂದ 20 ಪರ್ಸೆಂಟ್ ಇರುತ್ತದೆ. 128 ಜಿಬಿ ಇರುವ ಮಷೀನ್‌ನಲ್ಲಿ ಸುಮಾರು 25 ಜಿಬಿ ಬರೆಯದ ಡೇಟಾ ಸೇರಿಕೊಳ್ಳಬಹುದು. ಒಂದು ಗಿಗಾಬಿಟ್ ಲಿಂಕ್‌ನಲ್ಲಿ ಸೆಕೆಂಡಿಗೆ 110 ಎಂಬಿ ಹೋದರೂ ಅಷ್ಟು ಖಾಲಿಯಾಗಲು ಸುಮಾರು 4 ನಿಮಿಷ ಬೇಕು. ಆ 4 ನಿಮಿಷ ‘ಎಫ್‌ಸಿಂಕ್’ ಕರೆದವರೆಲ್ಲ ಸಾಲಿನಲ್ಲಿ ನಿಲ್ಲುತ್ತಾರೆ. ಪ್ರೋಸೆಸ್ ‘120 ಸೆಕೆಂಡಿಗಿಂತ ಹೆಚ್ಚು ಹೊತ್ತು ಬ್ಲಾಕ್ ಆಗಿದೆ’ ಎಂಬ ಕರ್ನಲ್ ಎಚ್ಚರಿಕೆಯೂ ಬರುತ್ತದೆ. ನೋಡಿದವರಿಗೆ ಸರ್ವರ್ ಸತ್ತಂತೆ ಕಾಣುತ್ತದೆ. ಪಾಪ, ಅದು ಬರುವುದನ್ನೆಲ್ಲ ಎತ್ತಿಕೊಳ್ಳುತ್ತಲೇ ಇರುತ್ತದೆ. ಪರ್ಸೆಂಟ್ ಬಿಟ್ಟು ‘ಡರ್ಟಿ ಬೈಟ್ಸ್’ನಲ್ಲಿ ಒಂದು ಜಿಬಿ ಆಸುಪಾಸಿನ ಅಂಕಿ ಕೊಡಿ. ಡೇಟಾ ಆಗಾಗ ಸ್ವಲ್ಪ ಸ್ವಲ್ಪ ಹೋಗುತ್ತದೆ, ದೊಡ್ಡ ಅಲೆ ಏಳುವುದಿಲ್ಲ.

ಸರ್ವರ್ ತನ್ನ ಎಕ್ಸ್‌ಪೋರ್ಟನ್ನು ತಾನೇ ಮೌಂಟ್ ಮಾಡಿಕೊಂಡಿದ್ದರೆ ಅದನ್ನು ತೆಗೆಯಿರಿ. ಮೆಮೊರಿ ಬಿಗಿಯಾದಾಗ ಕ್ಲೈಂಟ್ ಸರ್ವರ್‌ಗೆ, ಸರ್ವರ್ ಕ್ಲೈಂಟ್‌ಗೆ ಕಾಯುತ್ತಾ ಎರಡೂ ನಿಲ್ಲಬಹುದು.

ಹೊತ್ತು ನೋಡಿ ಬರುವ ದೋಷಗಳು

ಊಟದ ವಿರಾಮ ಮುಗಿಸಿ ಬಂದು ಮೊದಲ ಸಲ ಸೇವ್ ಒತ್ತಿದಾಗ ಮಾತ್ರ ನಿಲ್ಲುತ್ತದೆ, ಆಮೇಲೆ ಇಡೀ ಸಂಜೆ ಸರಿ. ಹೀಗಿದ್ದರೆ ನಡುವಿನ ಫೈರ್‌ವಾಲ್ ನೋಡಿ. ಸುಮ್ಮನಿದ್ದ ಸಂಪರ್ಕವನ್ನು ಅದು ತನ್ನ ಪಟ್ಟಿಯಿಂದ ತೆಗೆದಿರುತ್ತದೆ, ಎರಡು ತುದಿಗೂ ಹೇಳಿರುವುದಿಲ್ಲ. ಕ್ಲೈಂಟ್ ಇನ್ನೂ ಸಂಪರ್ಕ ಇದೆ ಎಂದುಕೊಂಡು ಕಳಿಸುತ್ತದೆ, ಫೈರ್‌ವಾಲ್ ಎಸೆಯುತ್ತದೆ. ಎರಡೂ ತುದಿಯ ಸಂಪರ್ಕದ ಪಟ್ಟಿ ಹೊಂದದೆ ಇರುವುದು ಇಂಥ ಜಾಗದಲ್ಲೇ. ಕ್ಲೈಂಟ್ ಮತ್ತೆ ಸಂಪರ್ಕ ಮಾಡುವಾಗ ಅದೇ ಹಳೆಯ ಪೋರ್ಟ್ ಸಂಖ್ಯೆಯನ್ನು ಬಳಸಲು ನೋಡುತ್ತದೆ. ಕೆಲವು ಫೈರ್‌ವಾಲ್‌ಗಳಿಗೆ ಅದೂ ಸರಿಬರುವುದಿಲ್ಲ. ಫೈರ್‌ವಾಲ್‌ನಲ್ಲಿ 2049ಕ್ಕೆ ಐಡಲ್ ಹೊತ್ತು ಹೆಚ್ಚಿಸಿ.

ಸರ್ವರ್ ಈಗಷ್ಟೇ ರೀಬೂಟ್ ಆಗಿದ್ದು, ನೀವು ಎನ್‌ಎಫ್‌ಎಸ್‌ನ ನಾಲ್ಕನೇ ಆವೃತ್ತಿ ಬಳಸುತ್ತಿದ್ದರೆ ಗಾಬರಿ ಬೇಡ. ಹಳೆಯ ಕ್ಲೈಂಟ್‌ಗಳು ತಮ್ಮ ಲಾಕ್‌ಗಳನ್ನು ಮತ್ತೆ ಪಡೆದುಕೊಳ್ಳಲಿ ಎಂದು ಸರ್ವರ್ ಸ್ವಲ್ಪ ಹೊತ್ತು ಹೊಸ ಓಪನ್‌ಗಳನ್ನು ತಡೆಯುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 90 ಸೆಕೆಂಡ್. ಕಾಯಿರಿ. ಈ ಹೊತ್ತಿನಲ್ಲಿ ಮತ್ತೆ ರೀಬೂಟ್ ಮಾಡಿದರೆ 90 ಸೆಕೆಂಡ್ ಮೊದಲಿನಿಂದ ಶುರು.

ಸರಿಹೋಯಿತು ಎನ್ನುವ ಮೊದಲು

ಬರೆಯುವ ಮೌಂಟ್‌ಗಳು ‘ಹಾರ್ಡ್’ ಆಗಿಯೇ ಇರಲಿ. ‘ಸಾಫ್ಟ್’ ಓದುವುದಕ್ಕೆ ಮಾತ್ರ ಇರುವ, ನಿಂತರೂ ಪರವಾಗಿಲ್ಲ ಎನ್ನುವ ಜಾಗಕ್ಕೆ ಸಾಕು.

ಪರೀಕ್ಷೆಗೆ ‘ಡಿಡಿ’ (ಡೇಟಾ ಕಾಪಿ ಮಾಡುವ ಕಮಾಂಡ್) ಬಳಸುವುದಾದರೆ ‘ಕಾನ್ವ್’ ಆಯ್ಕೆಯಲ್ಲಿ ‘ಎಫ್‌ಸಿಂಕ್’ ಕೊಡುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಸರ್ವರ್‌ನ ಡಿಸ್ಕ್‌ಗೆ ಇಳಿಯಿತೇ ಎಂದು ಖಾತ್ರಿಯಾಗುವುದಿಲ್ಲ, ತೋರಿಸುವ ವೇಗದಲ್ಲಿ ನಿಮ್ಮ ಮೆಮೊರಿಯ ವೇಗವೂ ಬೆರೆತಿರುತ್ತದೆ. ಒಂದು ಎಂಬಿಯ 1024 ತುಂಡು ಬರೆದರೆ ಒಂದು ಜಿಬಿ ಆಗುತ್ತದೆ, ಅಷ್ಟು ಸಾಕು.

ಆಮೇಲೆ ಒಂದು ಚಿಕ್ಕ ಸ್ಕ್ರಿಪ್ಟ್ ಇಡಿ. ನಿಮಿಷಕ್ಕೊಮ್ಮೆ ಮೌಂಟ್ ಮೇಲೆ ಒಂದು ಎಂಬಿ ಬರೆದು, ಎಫ್‌ಸಿಂಕ್ ಮಾಡಿ, ಎಷ್ಟು ಹೊತ್ತಾಯಿತು ಎಂದು ದಿನಾಂಕದ ಜೊತೆ ಲೋಕಲ್ ಡಿಸ್ಕ್‌ನಲ್ಲಿ ಒಂದು ಸಾಲು ಬರೆಯಲಿ. ಆ ಲಾಗ್ ಲೋಕಲ್ ಡಿಸ್ಕ್‌ನಲ್ಲೇ ಇರಬೇಕು, ಮೌಂಟ್ ಮೇಲೆ ಇಟ್ಟರೆ ಬೇಕಾದ ಹೊತ್ತಿನಲ್ಲೇ ಅದೂ ನಿಂತಿರುತ್ತದೆ. ಒಂದು ವಾರ ಓಡಲಿ. ಬ್ಯಾಕಪ್ ಓಡುವ ರಾತ್ರಿಯೂ ಅದರಲ್ಲಿ ಬರಲಿ. ಆ ರಾತ್ರಿಯ ಸಾಲುಗಳಲ್ಲಿ ಒಂದು ಕಡೆ 0.2 ಸೆಕೆಂಡ್ ಇದ್ದದ್ದು 48 ಸೆಕೆಂಡ್ ಆಗಿದ್ದರೆ, ಆ ನಿಮಿಷದ ಗಡಿಯಾರ ಹಿಡಿದುಕೊಂಡು ಮತ್ತೆ ಎರಡು ಕ್ಯೂಗಳಿಂದ ಶುರು ಮಾಡಿ.